ಸೀಟು ಸಿಕ್ಕಿದ ಮೇಲೆ: ಎಂಜಿನಿಯರಿಂಗ್ ಕಾಲೇಜಿನ ನೆರವಿನ ತರಗತಿ ಯಾರಿಗೆ, ಏಕೆ?

ಸಿಇಟಿ ಫಲಿತಾಂಶ ಬಂದು, ಸೀಟು ಹಂಚಿಕೆ ಮುಗಿದು, ಮಗನಿಗೋ ಮಗಳಿಗೋ ಎಂಜಿನಿಯರಿಂಗ್ ಸೀಟು ಸಿಕ್ಕಿತೆಂದರೆ ಮನೆಯಲ್ಲಿ ಹಬ್ಬದ ಸಡಗರ. ಫೀಸು ಹೊಂದಿಸುವುದು, ಪುಸ್ತಕ ಕೊಳ್ಳುವುದು, ಬಸ್ ಪಾಸ್ ಮಾಡಿಸುವುದು, ಈ ಓಡಾಟದಲ್ಲಿ ಮೊದಲ ತಿಂಗಳು ಕಳೆದೇ ಹೋಗುತ್ತದೆ. ಆಮೇಲೆ ಮೊದಲ ಇಂಟರ್ನಲ್ಸ್ ಬರುತ್ತದೆ. ಪಿಯುಸಿಯಲ್ಲಿ ಗಣಿತಕ್ಕೆ 90 ತೆಗೆದಿದ್ದ ಹುಡುಗಿಗೆ ಇಲ್ಲಿ 25ಕ್ಕೆ 6 ಅಂಕ. "ಓದ್ತಾ ಇಲ್ವೇನಮ್ಮ?" ಎಂದು ಅಪ್ಪ ಕೇಳುತ್ತಾರೆ. ಓದುತ್ತಿದ್ದೇನೆ, ಆದರೆ ತಿಳಿಯುತ್ತಿಲ್ಲ ಎಂದು ಹೇಳಲು ಆಕೆಗೆ ಬಾಯಿ ಬರುವುದಿಲ್ಲ.

ನಮ್ಮ ಮಾತುಕತೆ ಕಾರ್ಯಕ್ರಮದ ಈ ಸಲದ ವಿಷಯ ಇದೇ. ಬ್ರಿಡ್ಜ್ ಕೋರ್ಸ್, ರೆಮೆಡಿಯಲ್ ಕ್ಲಾಸ್, ಮೆಂಟರಿಂಗ್ ಮುಂತಾದ ಹೆಸರುಗಳಲ್ಲಿ ಕಾಲೇಜುಗಳು ನಡೆಸುವ ನೆರವಿನ ವ್ಯವಸ್ಥೆ ಯಾರಿಗಾಗಿ ಇದೆ? ಅದು ಹೇಗಿದ್ದರೆ ಪ್ರಯೋಜನ? ನೀವು ವಿದ್ಯಾರ್ಥಿಯಾಗಿರಲಿ, ತಂದೆ ತಾಯಿಯಾಗಿರಲಿ, ಕಾರ್ಯಕ್ರಮ ನೋಡುವುದಕ್ಕೆ ಮೊದಲು ಕೆಲವು ಸಂಗತಿಗಳನ್ನು ತಿಳಿದುಕೊಂಡಿರುವುದು ಒಳ್ಳೆಯದು.

ಕಾರ್ಖಾನೆಯ ನೆರಳಿನ ಊರು

ಬೆಂಗಳೂರಿನ ಉತ್ತರ ಭಾಗದ ಟಿ. ದಾಸರಹಳ್ಳಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ತುಮಕೂರು ರಸ್ತೆಯ ಈ ಊರಿನ ಒಂದು ಮಗ್ಗುಲಿಗೆ ಜಾಲಹಳ್ಳಿ, ಇನ್ನೊಂದು ಮಗ್ಗುಲಿಗೆ ಪೀಣ್ಯ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್ಎಂಟಿ, 1954ರಲ್ಲಿ ಬಿಇಎಲ್ ಬಂದವು. ಯಂತ್ರೋಪಕರಣಗಳ ಸಂಶೋಧನೆಗೆಂದು ತುಮಕೂರು ರಸ್ತೆಯಲ್ಲಿಯೇ 1962ರಲ್ಲಿ ಸಿಎಂಟಿಐ ಸ್ಥಾಪನೆಯಾಯಿತು. ಮುಂದೆ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ಲೇತು, ಮಿಲ್ಲಿಂಗ್, ಗ್ರೈಂಡಿಂಗ್, ಪೌಡರ್ ಕೋಟಿಂಗ್, ಗಾರ್ಮೆಂಟ್ಸ್, ಹೀಗೆ ನೂರಾರು ಬಗೆಯ ಕೆಲಸಕ್ಕೆ ನಾನಾ ಜಿಲ್ಲೆಗಳಿಂದ ಬಂದವರು ಸುತ್ತಮುತ್ತಲ ಬಡಾವಣೆಗಳಲ್ಲಿ ಮನೆ ಮಾಡಿದರು. 2007ರಲ್ಲಿ ದಾಸರಹಳ್ಳಿ ನಗರಸಭೆ ಬೃಹತ್ ಬೆಂಗಳೂರಿಗೆ ಸೇರಿತು. 2015ರ ಮೇ 1ರಂದು ದಾಸರಹಳ್ಳಿಗೆ ಮೆಟ್ರೋ ಬಂತು.

ಹೀಗೆ ಬಂದು ನೆಲೆಸಿದವರ ಮಕ್ಕಳು ಈಗ ಎಂಜಿನಿಯರಿಂಗ್ ಓದುತ್ತಿದ್ದಾರೆ. ಹೆಸರಘಟ್ಟ ರಸ್ತೆಯ ಉದ್ದಕ್ಕೂ ಕಾಲೇಜುಗಳಿವೆ. ಎಷ್ಟೋ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು ಇವರೇ. ಯಾವ ವಿಷಯ ಕಷ್ಟ, ಯಾರನ್ನು ಕೇಳಬೇಕು, ಇಂಟರ್ನಲ್ಸ್ ಎಂದರೇನು ಎಂದು ಹೇಳಿಕೊಡುವ ಅಣ್ಣನೋ ಅಕ್ಕನೋ ಮನೆಯಲ್ಲಿ ಇರುವುದಿಲ್ಲ. ಉಳಿದವರು ಊಟದ ಹೊತ್ತಿನಲ್ಲಿ ಮಾತಿಗೆ ಮಾತು ಸೇರಿ ಕಲಿಯುವುದನ್ನು ಇವರು ಕಾಲೇಜಿನಲ್ಲಿಯೇ ಕಲಿಯಬೇಕು.

ಎಡವುವುದು ಎಲ್ಲಿ?

ಮೊದಲ ತೊಡಕು ಭಾಷೆಯದು. ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದ ವಿದ್ಯಾರ್ಥಿಗೆ ಜವ, ವೇಗ, ವೇಗೋತ್ಕರ್ಷ, ಜಡತ್ವ, ಸಂವೇಗ ಎಲ್ಲವೂ ಗೊತ್ತು. ಜವಕ್ಕೂ ವೇಗಕ್ಕೂ ಇರುವ ವ್ಯತ್ಯಾಸವನ್ನು ಆತ ಸರಿಯಾಗಿಯೇ ಹೇಳಬಲ್ಲ. ಆದರೆ ಪಿಯುಸಿಯಿಂದಾಚೆಗೆ ಅವೇ ಸ್ಪೀಡ್, ವೆಲಾಸಿಟಿ, ಆಕ್ಸಲರೇಷನ್, ಇನರ್ಷಿಯಾ, ಮೊಮೆಂಟಂ ಆಗುತ್ತವೆ. ಕನ್ನಡದಲ್ಲಿ ಓದಿ ಬಿ.ಎಸ್ಸಿ. ಮಾಡಿದ ನಮ್ಮಂಥವರಿಗೆ ಈ ಪಾಡು ಚೆನ್ನಾಗಿ ಗೊತ್ತು. ಇಂಗ್ಲಿಷಿನ ಶಬ್ದ ಕಿವಿಗೆ ಬಿದ್ದಾಗ ಮನಸ್ಸು ಕನ್ನಡದ ಶಬ್ದಕ್ಕೆ ಓಡಿ, ಅಲ್ಲಿಂದ ಅರ್ಥ ಹಿಡಿದುಕೊಂಡು ತಿರುಗಿ ಬರಬೇಕು. ಅಷ್ಟರಲ್ಲಿ ಮೇಷ್ಟರು ಬೋರ್ಡಿನ ಮೇಲೆ ಎರಡು ಸಾಲು ಮುಂದೆ ಹೋಗಿರುತ್ತಾರೆ. ಇದನ್ನು ದಡ್ಡತನ ಎನ್ನುವಂತಿಲ್ಲ. ಎರಡು ಹೆಜ್ಜೆ ಹೆಚ್ಚು ನಡೆಯಬೇಕಾದವನು ತುಸು ತಡವಾಗಿ ತಲುಪುತ್ತಾನೆ, ಅಷ್ಟೆ.

ಸರ್ಕಾರವೂ ಈ ಕಷ್ಟವನ್ನು ಗುರುತಿಸಿದೆ. ಸಿಇಟಿ ಸೀಟುಗಳಲ್ಲಿ ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲು ಇರುವುದು ಇದಕ್ಕಾಗಿಯೇ. ಆದರೆ ಆ ಮೀಸಲು ಬಾಗಿಲಿನ ತನಕ. ಒಳಗೆ ಹೋದ ಮೇಲೆ ಪಾಠವೂ ಒಂದೇ, ಪ್ರಶ್ನೆಪತ್ರಿಕೆಯೂ ಒಂದೇ, ಗಡಿಯಾರವೂ ಒಂದೇ.

ಎರಡನೆಯ ತೊಡಕು ಗಣಿತದ್ದು. ಎಂಜಿನಿಯರಿಂಗಿಗೆ ಬರಲು ನಮ್ಮಲ್ಲಿ ಎರಡು ದಾರಿ. ಪಿಯುಸಿ ಮುಗಿಸಿ ಸಿಇಟಿ ಬರೆದು ಮೊದಲ ಸೆಮಿಸ್ಟರಿಗೆ ಬರುವುದು ಒಂದು. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು, ನೇರವಾಗಿ ಮೂರನೆಯ ಸೆಮಿಸ್ಟರಿಗೆ ಬರುವುದು ಇನ್ನೊಂದು. ಇದನ್ನು ಲ್ಯಾಟರಲ್ ಎಂಟ್ರಿ ಎನ್ನುತ್ತಾರೆ. ಎರಡನೆಯ ದಾರಿಯಲ್ಲಿ ಬಂದವರು ಮೊದಲ ವರ್ಷದ ಗಣಿತವನ್ನು ಕಂಡೇ ಇರುವುದಿಲ್ಲ. ಬಂದ ಕೂಡಲೇ ಎದುರಿಗೆ ಲಾಪ್ಲಾಸ್, ಫೋರಿಯರ್! ಮೂರು ಮೆಟ್ಟಿಲು ಬಿಟ್ಟು ನಾಲ್ಕನೆಯದಕ್ಕೆ ಕಾಲಿಟ್ಟಂತೆ.

ಮೂರನೆಯ ತೊಡಕು ಎಲ್ಲಕ್ಕಿಂತ ದೊಡ್ಡದು. ಅದು ಕೇಳಲು ಹಿಂಜರಿಕೆ. "ನನಗೊಬ್ಬನಿಗೇ ತಿಳಿದಿಲ್ಲ" ಎಂದು ತರಗತಿಯಲ್ಲಿ ಅರವತ್ತು ಜನರೂ ಒಳಗೊಳಗೇ ಅಂದುಕೊಂಡು ಸುಮ್ಮನೆ ಕೂತಿರುತ್ತಾರೆ.

ಈ ಮೂರೂ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನಿಯಮವನ್ನು ನೋಡಿ. 1998ರಲ್ಲಿ ಸ್ಥಾಪನೆಯಾದ, ಬೆಳಗಾವಿ ಕೇಂದ್ರವಾಗಿರುವ ಈ ವಿಶ್ವವಿದ್ಯಾಲಯದ 2022ರ ಸ್ಕೀಮಿನಲ್ಲಿ ಥಿಯರಿ ವಿಷಯಕ್ಕೆ ಇಂಟರ್ನಲ್ಸ್ 50, ಸೆಮಿಸ್ಟರ್ ಪರೀಕ್ಷೆ 50. ಇಂಟರ್ನಲ್ಸ್‌ನಲ್ಲಿ ಕನಿಷ್ಠ 20, ಪರೀಕ್ಷೆಯಲ್ಲಿ ಕನಿಷ್ಠ 18, ಎರಡೂ ಸೇರಿ 40 ಬರಬೇಕು. ಅಂದರೆ ಮೊದಲ ಟೆಸ್ಟಿನಲ್ಲಿ 6 ಬಂದವರಿಗೆ "ಕೊನೆಯಲ್ಲಿ ಕೂತು ಓದಿದರಾಯಿತು" ಎಂಬ ಹಳೆಯ ಉಪಾಯ ನಡೆಯುವುದಿಲ್ಲ. ಪರೀಕ್ಷೆಗಿಂತ ಮೊದಲೇ, ಇಂಟರ್ನಲ್ಸ್‌ನಲ್ಲಿಯೇ ವಿಷಯ ಕೈತಪ್ಪಬಹುದು. ಬಿದ್ದ ಮೇಲೆ ಎತ್ತುವ ನೆರವು ಆಗ ತಡವಾದ ನೆರವು.

ಬರ್ಕ್ಲಿಯಲ್ಲಿ ಕಂಡ ಸತ್ಯ

ಇದು ನಮ್ಮ ನಾಡಿನ ಸಮಸ್ಯೆ ಮಾತ್ರವಲ್ಲ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞ ಇದೇ ಪ್ರಶ್ನೆಯನ್ನು ಹಿಡಿದು ಹೊರಟರು. ಅಲ್ಲಿ ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಗಳು ಕ್ಯಾಲ್ಕುಲಸ್‌ನಲ್ಲಿ ಹೆಚ್ಚಾಗಿ ಸೋಲುತ್ತಿದ್ದರು. ಕಾರಣವೇನೆಂದು ಕೇಳಿದರೆ ಅಧ್ಯಾಪಕರ ಬಳಿ ಉತ್ತರ ಸಿದ್ಧವಾಗಿತ್ತು: ಓದುವ ಹಂಬಲವಿಲ್ಲ, ತಳಪಾಯ ಸರಿಯಿಲ್ಲ, ಮನೆಯಲ್ಲಿ ಪ್ರೋತ್ಸಾಹವಿಲ್ಲ, ಬಡತನ.

ಟ್ರೈಸ್‌ಮನ್ ಊಹೆಯನ್ನು ನಂಬದೆ ಕಣ್ಣಾರೆ ನೋಡಿದರು. 20 ಆಫ್ರಿಕನ್ ಅಮೆರಿಕನ್ ಮತ್ತು 20 ಚೀನೀ ಮೂಲದ ವಿದ್ಯಾರ್ಥಿಗಳು ಎಲ್ಲಿ, ಹೇಗೆ ಓದುತ್ತಾರೆಂದು ಅವರವರ ಕೋಣೆಗೇ ಹೋಗಿ ಗಮನಿಸಿದರು. ಮೊದಲ ಗುಂಪಿನವರು ಮೈಗಳ್ಳರಾಗಿರಲಿಲ್ಲ. ವಾರಕ್ಕೆ ಸುಮಾರು 8 ಗಂಟೆ ಶ್ರದ್ಧೆಯಿಂದ ಲೆಕ್ಕ ಮಾಡುತ್ತಿದ್ದರು. ಆದರೆ ಒಬ್ಬೊಬ್ಬರೇ. ಎರಡನೆಯ ಗುಂಪಿನವರು ಒಬ್ಬೊಬ್ಬರೇ ಓದಿದ ಮೇಲೆ ಸಂಜೆ ಒಟ್ಟಿಗೆ ಕೂತು, ಒಬ್ಬರ ಲೆಕ್ಕ ಇನ್ನೊಬ್ಬರು ತಿದ್ದಿ, ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ, ಒಟ್ಟು ಸುಮಾರು 14 ಗಂಟೆ ಕಳೆಯುತ್ತಿದ್ದರು. ತಾವು ಎಲ್ಲಿದ್ದೇವೆ, ಪಕ್ಕದವರು ಎಲ್ಲಿದ್ದಾರೆ ಎಂಬುದು ಅವರಿಗೆ ಗೊತ್ತಿರುತ್ತಿತ್ತು. ಮೊದಲ ಗುಂಪಿನವರಿಗೆ ತಿಳಿಯುತ್ತಿದ್ದುದು ಪರೀಕ್ಷೆಯ ಫಲಿತಾಂಶ ಬಂದ ದಿನವೇ.

ಅವರು ಆರಂಭಿಸಿದ ಕಾರ್ಯಾಗಾರದ ಎರಡು ಗುಣಗಳನ್ನು ಗಮನಿಸಿ. ಒಂದು, ಅದು "ದುರ್ಬಲರ ತರಗತಿ" ಆಗಿರಲಿಲ್ಲ. ಚೆನ್ನಾಗಿ ಓದಬೇಕೆನ್ನುವವರ ಕೂಟ ಎಂದೇ ಅದನ್ನು ಕರೆದರು. ಎರಡು, ಅಲ್ಲಿ ಪಾಠವನ್ನು ಮತ್ತೆ ಒಪ್ಪಿಸುತ್ತಿರಲಿಲ್ಲ. ಸುಲಭದ ಲೆಕ್ಕದ ಬದಲು ಕಠಿಣ ಲೆಕ್ಕಗಳನ್ನೇ ಕೊಟ್ಟು ಒಟ್ಟಿಗೆ ಬಿಡಿಸಲು ಬಿಡುತ್ತಿದ್ದರು. ಸೇರಿದವರ ಫಲಿತಾಂಶ ಗಣನೀಯವಾಗಿ ಏರಿತು. ಈ ಅನುಭವವನ್ನು ಅವರು 1992ರಲ್ಲಿ ಲೇಖನವಾಗಿ ಪ್ರಕಟಿಸಿದರು.

ಅಮೆರಿಕದ ಇನ್ನೊಂದು ವಿಶ್ವವಿದ್ಯಾಲಯ, ಕಾನ್ಸಾಸ್ ಸಿಟಿಯ ಮಿಸೌರಿ ವಿಶ್ವವಿದ್ಯಾಲಯ, 1973ರಲ್ಲಿ ಬೇರೊಂದು ಜಾಣ್ಮೆ ತೋರಿತು. "ಹಿಂದುಳಿದ ವಿದ್ಯಾರ್ಥಿ ಯಾರು?" ಎಂದು ಹುಡುಕುವುದನ್ನು ಬಿಟ್ಟು "ಹೆಚ್ಚು ಜನ ಫೇಲಾಗುವ ವಿಷಯ ಯಾವುದು?" ಎಂದು ಕೇಳಿತು. ಆ ವಿಷಯಕ್ಕೆ ನೆರವಿನ ಕೂಟ ಇಟ್ಟು, ಅದೇ ವಿಷಯವನ್ನು ಹಿಂದೆ ಚೆನ್ನಾಗಿ ಮುಗಿಸಿದ ಹಿರಿಯ ವಿದ್ಯಾರ್ಥಿಯನ್ನು ಮುಂದಾಳಾಗಿ ಕೂರಿಸಿತು. ಯಾರು ಬೇಕಾದರೂ ಬರಬಹುದು. ವಿಷಯ ಕಷ್ಟ ಎಂದು ಎಲ್ಲರೂ ಒಪ್ಪಿದ ಮೇಲೆ ಬರುವವರಿಗೆ ನಾಚಿಕೆಯೇಕೆ?

ನಮ್ಮಲ್ಲಿ ಏನೇನಿದೆ?

ನಮ್ಮಲ್ಲಿ ಏನೂ ಇಲ್ಲವೆಂದು ತಿಳಿಯಬೇಡಿ. ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಿಗಾಗಿ ಐಐಟಿಗಳಲ್ಲಿ ಒಂದು ವರ್ಷದ ಪೂರ್ವಸಿದ್ಧತಾ ತರಗತಿ ಬಹಳ ಹಿಂದಿನಿಂದ ಇದೆ. ಎಲ್ಲ ಎಂಜಿನಿಯರಿಂಗ್ ಕಾಲೇಜುಗಳ ಹೊಸಬರಿಗೆ ಮೂರು ವಾರಗಳ ಪರಿಚಯ ಕಾರ್ಯಕ್ರಮವನ್ನು ಎಐಸಿಟಿಇ ರೂಪಿಸಿದೆ. ಡಿಪ್ಲೊಮಾ ಮುಗಿಸಿ ಬಂದವರಿಗಾಗಿ ವಿಟಿಯು ತನ್ನ ಸ್ಕೀಮುಗಳಲ್ಲಿ ಹೆಚ್ಚುವರಿ ಗಣಿತದ ವಿಷಯಗಳನ್ನು ಇಟ್ಟಿತು. ಮೊದಲ ವರ್ಷದಲ್ಲಿ ತಪ್ಪಿಹೋದ ಗಣಿತವನ್ನು ತುಂಬಿಕೊಡುವುದೇ ಅದರ ಉದ್ದೇಶ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಪಾಠಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು.

ಹಣದ ನೆರವೂ ಇದೆ. ಕುಟುಂಬದ ವಾರ್ಷಿಕ ವರಮಾನ 8 ಲಕ್ಷ ರೂಪಾಯಿಗಿಂತ ಕಡಿಮೆಯಿರುವ ಪ್ರತಿಭಾವಂತರಿಗೆ ಬೋಧನಾ ಶುಲ್ಕವಿಲ್ಲದ ಎಸ್ಎನ್‌ಕ್ಯೂ ಸೀಟುಗಳು ಸಿಇಟಿಯಲ್ಲಿಯೇ ಸಿಗುತ್ತವೆ. ಹೆಣ್ಣುಮಕ್ಕಳಿಗೆ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳ ಊಟ, ವಸತಿಗೆ ವಿದ್ಯಾಸಿರಿ ಯೋಜನೆ ಇದೆ. ಇವುಗಳ ಅರ್ಜಿ, ಕೊನೆಯ ದಿನಾಂಕಗಳನ್ನು ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದಲ್ಲಿ ಸೇರಿದ ವಾರವೇ ಕೇಳಿಟ್ಟುಕೊಳ್ಳಿ.

ಹಾಗಾದರೆ ಎಂಜಿನಿಯರಿಂಗನ್ನು ಕನ್ನಡದಲ್ಲಿಯೇ ಕಲಿಸಿದರಾಗದೆ, ಎಂದು ನೀವು ಕೇಳಬಹುದು. 2021ರಲ್ಲಿ ಎಐಸಿಟಿಇ ಪ್ರಾದೇಶಿಕ ಭಾಷೆಗಳಲ್ಲಿ ಪದವಿ ಕಲಿಸಲು ಅನುಮತಿ ಕೊಟ್ಟಿತು. ಬೀದರ್ ಜಿಲ್ಲೆಯ ಭಾಲ್ಕಿಯ ಕಾಲೇಜು ಕನ್ನಡದಲ್ಲಿ ಕಲಿಸಲು ಮುಂದೆ ಬಂತು. ಆದರೆ ಆ ವರ್ಷ ಸೇರುವವರು ಸಿಗಲಿಲ್ಲ. ಕೆಲಸ ಇಂಗ್ಲಿಷಿನಲ್ಲಿ ಸಿಗುವಾಗ ಪದವಿ ಮಾತ್ರ ಕನ್ನಡದಲ್ಲಿದ್ದರೆ ಹೇಗೆ ಎಂಬ ಅಳುಕು ಮನೆಮನೆಯಲ್ಲೂ ಇದ್ದೇ ಇದೆ. ಆದ್ದರಿಂದ ಪರೀಕ್ಷೆ ಇಂಗ್ಲಿಷಿನಲ್ಲಿದ್ದರೂ ಅರ್ಥ ಮಾಡಿಕೊಳ್ಳುವುದು ಕನ್ನಡದಲ್ಲಿ ನಡೆಯುವಂತಹ ಜಾಗವೊಂದು ಬೇಕು. ಅದು ನೆರವಿನ ತರಗತಿಯೇ ಆಗಬಹುದು.

ಲೇತಿನ ಸದ್ದಿನಲ್ಲಿ ಫೋರಿಯರ್

ಅಂತಹ ಜಾಗದಲ್ಲಿ ಪಾಠ ಹೇಗೆ ನಡೆದೀತು? ಹುಡುಗರಿಗೆ ಬೆವರು ಬಿಡಿಸುವ ಫೋರಿಯರ್ ಸರಣಿಯನ್ನೇ ನೋಡೋಣ. ಫ್ರಾನ್ಸಿನ ಜೋಸೆಫ್ ಫೋರಿಯರ್ 1822ರಲ್ಲಿ ಶಾಖದ ಹರಿವನ್ನು ಕುರಿತ ಗ್ರಂಥದಲ್ಲಿ ಮಂಡಿಸಿದ ವಿಚಾರ ಇದು. ಮತ್ತೆ ಮತ್ತೆ ಮರುಕಳಿಸುವ ಏರಿಳಿತ ಎಷ್ಟೇ ಗೋಜಲಾಗಿ ಕಂಡರೂ ಅದನ್ನು ಸರಳವಾದ ಅಲೆಗಳ ಮೊತ್ತವಾಗಿ ಬಿಡಿಸಬಹುದು. ಪುಸ್ತಕದಲ್ಲಿ ಇದು ಸೈನ್, ಕೊಸೈನ್, ಇಂಟಿಗ್ರಲ್‌ಗಳ ಕಾಡು.

ಈಗ ಪೀಣ್ಯದ ಒಂದು ವರ್ಕ್‌ಶಾಪಿಗೆ ಬನ್ನಿ. ಲೇತಿನ ಸ್ಪಿಂಡಲ್ ನಿಮಿಷಕ್ಕೆ 1,200 ಸುತ್ತು ತಿರುಗುತ್ತಿದೆ, ಅಂದರೆ ಸೆಕೆಂಡಿಗೆ 20 ಸುತ್ತು. ಚಕ್‌ನಲ್ಲಿ ಹಿಡಿದ ತುಂಡಿನ ತೂಕ ಒಂದು ಕಡೆಗೆ ವಾಲಿದ್ದರೆ ಸುತ್ತಿಗೊಮ್ಮೆ ಯಂತ್ರ ಅದುರುತ್ತದೆ. ಅದು 20 ಹರ್ಟ್ಸ್‌ನ ಕಂಪನ. ಅದೇ ಸ್ಪಿಂಡಲಿನ ಗೇರಿಗೆ 30 ಹಲ್ಲುಗಳಿದ್ದರೆ ಹಲ್ಲು ಹಲ್ಲಿಗೆ ತಾಗುವ ಸದ್ದು ಸೆಕೆಂಡಿಗೆ 20 ಗುಣಿಸು 30, ಅಂದರೆ 600 ಸಲ. ಕಿವಿಗೆ ಕೇಳುವುದು ಎಲ್ಲ ಕಲಸಿದ ಒಂದೇ ಗುಂಯ್‌ಗುಡುವಿಕೆ. ಆದರೆ ಅನುಭವಸ್ಥ ಆಪರೇಟರ್ ನಿಂತು ಕೇಳಿ, "ಇದು ಗೇರಿನ ಸದ್ದು, ಅದು ಜಾಬ್ ಅದುರೋದು" ಎಂದು ಬೇರ್ಪಡಿಸುತ್ತಾರೆ. ಅವರ ಕಿವಿ ಮಾಡಿದ ಕೆಲಸವನ್ನು ಕಾಗದದ ಮೇಲೆ ಮಾಡುವುದೇ ಫೋರಿಯರ್ ಸರಣಿ. ಯಾವ ಅಲೆ ಎಷ್ಟು ಪ್ರಮಾಣದಲ್ಲಿದೆ ಎಂಬುದನ್ನು ಆ ಇಂಟಿಗ್ರಲ್ ಲೆಕ್ಕ ಹಾಕಿ ಹೇಳುತ್ತದೆ. ಯಂತ್ರಗಳ ದೋಷ ಪತ್ತೆಗೆ ಬಳಸುವ ಕಂಪನ ಮಾಪಕಗಳು ಮಾಡುವುದೂ ಇದನ್ನೇ.

ಈ ಉದಾಹರಣೆಯಲ್ಲಿ ಇನ್ನೊಂದು ಮಾತಿದೆ. ಲೇತನ್ನು ಕೈಯಾರೆ ಬಲ್ಲವರು ಯಾರು? ಗಣಿತದಲ್ಲಿ ಹಿಂದೆ ಬಿದ್ದಿದ್ದಾರೆಂದು ನಾವು ಹೇಳಿದ ಆ ಡಿಪ್ಲೊಮಾ ವಿದ್ಯಾರ್ಥಿಗಳೇ. ಪಿಯುಸಿಯಿಂದ ಬಂದವರಿಗೆ ಕ್ಯಾಲ್ಕುಲಸ್ ಗೊತ್ತು, ವರ್ನಿಯರ್ ಹಿಡಿದು ಅಭ್ಯಾಸವಿಲ್ಲ. ಡಿಪ್ಲೊಮಾದಿಂದ ಬಂದವರಿಗೆ ವರ್ನಿಯರ್ ಕೈಗೆ ಒಗ್ಗಿದೆ, ಕ್ಯಾಲ್ಕುಲಸ್ ಬಿಟ್ಟುಹೋಗಿದೆ. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿದರೆ ಒಬ್ಬರಿಗೊಬ್ಬರು ಗುರುಗಳು. ಕೊಡುವುದಕ್ಕೂ ಏನಾದರೂ ಇದೆ ಎಂದಾಗ ತೆಗೆದುಕೊಳ್ಳಲು ಸಂಕೋಚವಿರುವುದಿಲ್ಲ.

ನೀವು ಮಾಡಬಹುದಾದದ್ದು

ವಿದ್ಯಾರ್ಥಿಗಳಿಗೆ ಮೊದಲ ಮಾತು: ಮೊದಲ ಇಂಟರ್ನಲ್ಸ್ ತನಕ ಕಾಯಬೇಡಿ. ಎರಡನೆಯ ವಾರದಲ್ಲಿಯೇ ಐದಾರು ಜನ ಸೇರಿ ವಾರಕ್ಕೆ ಎರಡು ದಿನ, ದಿನಕ್ಕೆ ಒಂದೂವರೆ ಗಂಟೆ ಗೊತ್ತುಮಾಡಿಕೊಳ್ಳಿ. ಬರುವ ಮುನ್ನ ಪ್ರತಿಯೊಬ್ಬರೂ ಅವೇ ಐದು ಲೆಕ್ಕಗಳನ್ನು ಒಂಟಿಯಾಗಿ ಪ್ರಯತ್ನಿಸಿ ಬನ್ನಿ. ಸುಮ್ಮನೆ ಸೇರಿದರೆ ಹರಟೆಯಾಗುತ್ತದೆ, ಪ್ರಯತ್ನಿಸಿ ಸೇರಿದರೆ ಅಭ್ಯಾಸವಾಗುತ್ತದೆ. ಎಲ್ಲಿ ನಿಂತಿತೋ ಆ ಸಾಲಿಗೆ ಗುರುತು ಹಾಕಿ. ಅಧ್ಯಾಪಕರ ಬಳಿ ಹೋದಾಗ "ಸಾರ್, ಈ ಚಾಪ್ಟರ್ ಅರ್ಥ ಆಗಿಲ್ಲ" ಎನ್ನುವುದರ ಬದಲು "ಸಾರ್, ಮೂರನೇ ಸಾಲಿನಿಂದ ನಾಲ್ಕನೇ ಸಾಲಿಗೆ ಹೇಗೆ ಬಂತು?" ಎಂದು ಕೇಳಿ. ಮೊದಲನೆಯದಕ್ಕೆ ಉತ್ತರಿಸಲು ಅವರಿಗೂ ಹೊತ್ತಿರುವುದಿಲ್ಲ. ಎರಡನೆಯದಕ್ಕೆ ಎರಡು ನಿಮಿಷ ಸಾಕು. ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಕನ್ನಡದ ಶಬ್ದ ಒಂದು ಕಡೆ, ಇಂಗ್ಲಿಷಿನದು ಎದುರಿಗೆ ಬರೆದಿಡಿ. ಶಾಲೆಯಲ್ಲಿ ಕಲಿತದ್ದು ಅಲ್ಲಿಗೆ ಮುಗಿಯದೆ ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ತಂದೆ ತಾಯಿಯರಿಗೆ ಒಂದು ಮಾತು, ವಿಶೇಷವಾಗಿ ಹೆಣ್ಣುಮಕ್ಕಳ ಮನೆಯವರಿಗೆ. ನೆರವಿನ ತರಗತಿಗಳು ಸಾಮಾನ್ಯವಾಗಿ ಕಾಲೇಜು ಬಿಟ್ಟ ಮೇಲೆ ನಡೆಯುತ್ತವೆ. "ಐದೂವರೆಗೆ ಮನೆಯಲ್ಲಿರಬೇಕು" ಎಂಬ ಕಟ್ಟಳೆಯಿಂದ ಮಗಳು ಕಳೆದುಕೊಳ್ಳುವುದು ಒಂದು ಗಂಟೆಯ ಪಾಠವನ್ನಷ್ಟೇ ಅಲ್ಲ, ಓದುವ ಗೆಳತಿಯರ ಗುಂಪನ್ನೇ. ಕತ್ತಲೆಯ ಭಯ ಸುಳ್ಳಲ್ಲ. ಕಾಲೇಜಿಗೆ ಹೋಗಿ, ಈ ತರಗತಿಯನ್ನು ಮಧ್ಯಾಹ್ನಕ್ಕೆ ಅಥವಾ ಬೆಳಿಗ್ಗೆಗೆ ಇಡಿ ಎಂದು ಕೇಳಿ. ನಾಲ್ಕು ಮನೆಯವರು ಒಟ್ಟಾಗಿ ಕೇಳಿದರೆ ಆಡಳಿತ ಮಂಡಳಿ ಕಿವಿಗೊಡುತ್ತದೆ. ಭಾನುವಾರ ನಿಮ್ಮ ಮನೆಯ ಹಾಲಿನಲ್ಲಿಯೇ ಮೂವರು ಗೆಳತಿಯರಿಗೆ ಚಾಪೆ ಹಾಸಿಕೊಟ್ಟರೂ ಅದು ನೆರವಿನ ತರಗತಿಯೇ. "ಎಷ್ಟು ಅಂಕ ಬಂತು?" ಎಂದು ಕೇಳುವ ಮುನ್ನ "ಯಾರ ಜೊತೆ ಓದ್ತೀಯಮ್ಮ?" ಎಂದು ಕೇಳಿ ನೋಡಿ.

ಅಧ್ಯಾಪಕ ಮಿತ್ರರಿಗೆ ಒಂದು ವಿನಂತಿ. ಕಡಿಮೆ ಅಂಕ ಬಂದವರ ಪಟ್ಟಿ ಮಾಡಿ, ರೆಮೆಡಿಯಲ್ ಕ್ಲಾಸಿಗೆ ಬರತಕ್ಕದ್ದು ಎಂದು ನೋಟೀಸ್ ಬೋರ್ಡಿಗೆ ಅಂಟಿಸುವ ಪದ್ಧತಿ ಎಷ್ಟೋ ಕಡೆ ಇದೆ. ಉದ್ದೇಶ ಒಳ್ಳೆಯದೇ. ಆದರೆ ಆ ಪಟ್ಟಿಯಲ್ಲಿ ಹೆಸರು ಕಂಡ ಹುಡುಗ ತರಗತಿಗೆ ಬರುವ ಬದಲು ಕಾಲೇಜಿಗೇ ಬರುವುದನ್ನು ತಪ್ಪಿಸಲು ತೊಡಗುತ್ತಾನೆ. ಹೆಸರಿನ ಪಟ್ಟಿಯ ಬದಲು ವಿಷಯದ ಪಟ್ಟಿ ಅಂಟಿಸಿ: "ಗಣಿತ, ಮಂಗಳವಾರ, ಗುರುವಾರ, ಎಲ್ಲರೂ ಬರಬಹುದು." ಮುಂದಾಳಾಗಿ ಮೂರನೆಯ ವರ್ಷದವರೊಬ್ಬರನ್ನು ಕೂರಿಸಿ. ಅದೇ ಬಾವಿಗೆ ಬಿದ್ದು ಎದ್ದು ಬಂದವರಾದರೆ ಇನ್ನೂ ಒಳ್ಳೆಯದು. ಹಿಡಿದುಕೊಳ್ಳಲು ಕಲ್ಲು ಎಲ್ಲಿದೆಯೆಂದು ಅವರಿಗೆ ಗೊತ್ತಿರುತ್ತದೆ.

ನೆರವು ಪಡೆದ ದೊಡ್ಡವರು

ನೆರವು ಪಡೆಯುವುದು ಕೀಳೆಂಬ ಭಾವನೆ ಇನ್ನೂ ಉಳಿದಿದ್ದರೆ, ವಿಟಿಯು ಯಾರ ಹೆಸರು ಹೊತ್ತಿದೆಯೋ ಅವರನ್ನೇ ನೆನೆಯಿರಿ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿದರು. ಅನಂತರ ಮೈಸೂರು ಸರ್ಕಾರದ ನೆರವಿನಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿ 1883ರಲ್ಲಿ ಮುಗಿಸಿದರು. ಆ ನೆರವಿನ ಫಲ ನಾಡಿಗೇ ಸಂದಿತು. ತಾವು ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲಿಯೇ ಎಂಜಿನಿಯರಿಂಗ್ ಕಾಲೇಜು ತೆರೆಸಿದರು. ಮುಂದಿನವರು ಅಷ್ಟು ದೂರ ಹೋಗಬೇಕಾಗಲಿಲ್ಲ.

ಕಾರ್ಯಕ್ರಮ ನೋಡುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ. ನಿಮ್ಮ ಕಾಲೇಜಿನಲ್ಲಿ ಹೆಚ್ಚು ಜನ ಉಳಿಸಿಕೊಳ್ಳುವ ವಿಷಯ ಯಾವುದು? ಅದಕ್ಕೆ ನೆರವಿನ ಕೂಟ ಇದೆಯೇ, ಇದ್ದರೆ ಎಷ್ಟು ಗಂಟೆಗೆ? ಕಳೆದ ವಾರ ತಿಳಿಯದ ಒಂದು ವಿಷಯವನ್ನು ನೀವು ಯಾರನ್ನು ಕೇಳಿದಿರಿ? ಮೂರನೆಯದಕ್ಕೆ ಹೆಸರು ಬರೆಯಲು ಆಗದಿದ್ದರೆ ಚಿಂತೆ ಬೇಡ. ಸೆಮಿಸ್ಟರು ಇನ್ನೂ ಮುಗಿದಿಲ್ಲ. ನಾಳೆ ತರಗತಿಯಲ್ಲಿ ಪಕ್ಕದಲ್ಲಿ ಕೂತವರನ್ನೇ ಕೇಳಿ. ಅವರಿಗೂ ತಿಳಿದಿರದಿದ್ದರೆ ಇನ್ನೂ ಒಳ್ಳೆಯದಾಯಿತು. ನಿಮ್ಮ ಗುಂಪಿನ ಇಬ್ಬರು ಸಿಕ್ಕಂತಾಯಿತು.